ಬಿಸಿಲು ಅಕ್ಷಯ, ಬಾವಿಯ ನೀರು ಅಕ್ಷಯವಲ್ಲ

ಹಿರೇಕೆರೂರು ಎಂಬ ಹೆಸರನ್ನು ಬಿಡಿಸಿ ನೋಡಿದರೆ ಅದರೊಳಗೆ ಒಂದು ಹಿರಿಯ ಕೆರೆಯೂ ಒಂದು ಊರೂ ದೊರೆಯುತ್ತವೆ. ಕೆರೆ ಮೊದಲು, ಊರು ಅನಂತರ. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳ ಕಥೆಯನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಇದಕ್ಕಿಂತ ಉತ್ತಮವಾದ ಮಾತು ಸಿಕ್ಕಲಾರದು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಸೆರಗಿನಲ್ಲಿ ಈ ನಾಡು ಹಬ್ಬಿದೆ. ಪಶ್ಚಿಮಕ್ಕೆ ಹಾನಗಲ್ಲಿನ ಬತ್ತದ ಗದ್ದೆಗಳು. ಪೂರ್ವಕ್ಕೆ ಸವಣೂರಿನ ಎರೆಹೊಲಗಳು. ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆಯು ಕಡಿಮೆಯಾಗುತ್ತ ಹೋಗುತ್ತದೆ. ನಾಲ್ಕು ತಿಂಗಳು ಸುರಿಯುವ ಈ ಮಳೆಯನ್ನು ಹನ್ನೆರಡು ತಿಂಗಳಿಗೆ ಒದಗಿಸುವುದು ಹೇಗೆ ಎಂಬುದೇ ಇಲ್ಲಿಯವರ ಹಳೆಯ ಪ್ರಶ್ನೆ. ಅದಕ್ಕೆ ನಮ್ಮ ಹಿರಿಯರು ಕೊಟ್ಟ ಉತ್ತರವೇ ಕೆರೆ. ಮಾಸೂರಿನ ಬಳಿ ಕುಮುದ್ವತಿ ನದಿಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯ ಏರಿಯನ್ನು ಕಂಡವರಿಗೆ ಆ ಉತ್ತರದ ಗಾತ್ರವೆಷ್ಟೆಂಬುದು ತಿಳಿಯುತ್ತದೆ.

ಇಂದು ಅದೇ ಹೊಲಗಳಲ್ಲಿ ಹೊಸದೊಂದು ವಸ್ತು ಕಾಣಿಸಿಕೊಳ್ಳುತ್ತಿದೆ. ನಾಲ್ಕು ಕಂಬಗಳ ಮೇಲೆ ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಿದ, ಕಡುನೀಲಿ ಬಣ್ಣದ ಗಾಜಿನ ಹಾಸುಗಳು. ಅವುಗಳ ನೆರಳಿನಲ್ಲಿ ಒಂದು ಕೊಳವೆ ಬಾವಿ. ತಂತಿಯಿಲ್ಲ, ಎಣ್ಣೆಯಿಲ್ಲ, ಹೊಗೆಯಿಲ್ಲ. ಬಿಸಿಲೇರಿದಂತೆ ನೀರು ಏರುತ್ತದೆ. ಅಕ್ಷಯ ಶಕ್ತಿಯ ಈ ಯಂತ್ರವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಸ್ವಾಗತಿಸುವಾಗಲೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ನಮ್ಮ ಕರ್ತವ್ಯ: ಶಕ್ತಿಯು ಅಕ್ಷಯವಾದ ಮಾತ್ರಕ್ಕೆ ಅದರಿಂದ ಎತ್ತುವ ವಸ್ತುವೂ ಅಕ್ಷಯವಾಗುವುದೆ?

ಮೊದಲು ಹಿಂದಣ ಸಂಗತಿಯನ್ನು ನೋಡೋಣ. ಕನ್ನಡ ನಾಡಿನ ವಿದ್ಯುಚ್ಛಕ್ತಿಯ ಚರಿತ್ರೆ ಕಲ್ಲಿದ್ದಲಿನಿಂದ ಪ್ರಾರಂಭವಾದುದಲ್ಲ, ನೀರಿನಿಂದ ಪ್ರಾರಂಭವಾದುದು. ೧೮೮೭ರಲ್ಲಿ ಗೋಕಾಕದ ಜಲಪಾತವು ಅಲ್ಲಿಯ ಗಿರಣಿಗೆ ಶಕ್ತಿಯನ್ನಿತ್ತಿತು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿತು. ೧೯೬೪ರಲ್ಲಿ ಶರಾವತಿಯ ಮೊದಲ ಯಂತ್ರ ತಿರುಗಿತು. ಬೇಡಿಕೆಯು ನದಿಗಳ ಸಾಮರ್ಥ್ಯವನ್ನು ಮೀರಿದಾಗ, ೧೯೮೫ರಲ್ಲಿ, ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಒಲೆ ಹೊತ್ತಿತು. ಆ ಕೇಂದ್ರದ ಸಾಮರ್ಥ್ಯ ೧೭೨೦ ಮೆಗಾವಾಟಿನವರೆಗೆ ಬೆಳೆಯಿತು. ಬಳ್ಳಾರಿಯ ಕುಡಿತಿನಿಯಲ್ಲಿ ಮತ್ತೊಂದು ಕೇಂದ್ರ ಎದ್ದಿತು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಹಾನಗಲ್ಲಿನ ಹೊಲದಲ್ಲಿ ಒಬ್ಬ ರೈತನು ಗುಂಡಿಯನ್ನೊತ್ತಿ ಪಂಪನ್ನು ನಡೆಸಿದರೆ, ನೂರಾರು ಮೈಲಿಯಾಚೆಯ ಗಣಿಯಲ್ಲಿ ಯಾರೋ ಗುದ್ದಲಿ ಎತ್ತಬೇಕಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಅಂತಹ ಪಂಪುಗಳು ನಮ್ಮ ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚಾಗಿವೆ. ರಾಜ್ಯದಲ್ಲಿ ಖರ್ಚಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಅವೇ ಬಳಸುತ್ತವೆ. ೨೦೦೮ರಿಂದ ೧೦ ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತ. ಅದರ ಹಣವನ್ನು ಸರಕಾರವು ಬೊಕ್ಕಸದಿಂದ ಕೊಡುತ್ತದೆ. ಆದುದರಿಂದ ಅಕ್ಷಯ ಶಕ್ತಿಯ ವಿಚಾರವೆಂದರೆ ನಗರದ ದೀಪಗಳ ವಿಚಾರ ಮಾತ್ರವಲ್ಲ. ನಮ್ಮ ಭಾಗದಲ್ಲಂತೂ ಅದು ಮೊದಲು ನೀರಿನ ವಿಚಾರ.

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತನ್ನು ಪಡೆಯುವಾಗ ಹತ್ತಿರ ಹತ್ತಿರ ಒಂದು ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡು ವಾಯುಮಂಡಲಕ್ಕೆ ಸೇರುತ್ತದೆ. ಒಂದು ಅಶ್ವಶಕ್ತಿಯೆಂದರೆ ೭೪೬ ವಾಟು. ಐದು ಅಶ್ವಶಕ್ತಿಯ ಪಂಪು ದಿನಕ್ಕೆ ಆರು ಗಂಟೆ ನಡೆದರೆ ಸುಮಾರು ೨೨ ಯೂನಿಟ್ ಬೇಕು. ಅಷ್ಟೂ ಕಲ್ಲಿದ್ದಲಿನಿಂದಲೇ ಬಂದಿತೆಂದು ಎಣಿಸಿದರೆ ದಿನಕ್ಕೆ ೨೦ ಕಿಲೋಗ್ರಾಂ. ವರ್ಷದಲ್ಲಿ ೨೦೦ ದಿನ ನಡೆದರೆ ನಾಲ್ಕು ಟನ್ನು. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಬರುವ ಇಂಗಾಲದ ಡೈ ಆಕ್ಸೈಡು ಸರಾಸರಿ ಎರಡು ಟನ್ನಿನಷ್ಟು. ಅಂದರೆ ಈ ಒಂದು ಪಂಪು ಇಬ್ಬರು ಮನುಷ್ಯರಿಗೆ ಸಮ.

ಈ ಅನಿಲವು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಅದು ಹೆಚ್ಚಿದರೆ ಭೂಮಿಯ ಉಷ್ಣತೆ ಏರುತ್ತದೆ ಎಂದು ಸ್ವೀಡನ್ನಿನ ಅರೇನಿಯಸ್ ಎಂಬ ವಿಜ್ಞಾನಿಯು ೧೮೯೬ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದನು. ೧೯೫೮ರಲ್ಲಿ ಅಮೆರಿಕದ ಚಾರ್ಲ್ಸ್ ಕೀಲಿಂಗನು ಹವಾಯಿ ದ್ವೀಪದ ಬೆಟ್ಟದ ಮೇಲೆ ಅದನ್ನು ಅಳೆಯಲು ತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ೩೧೫ ಪಾಲು ಇತ್ತು. ೨೦೨೪ರ ವೇಳೆಗೆ ಸುಮಾರು ೪೨೫ಕ್ಕೆ ಏರಿತು. ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಹಾಗೆ ಹೆಚ್ಚಾಗಿ ಹಿಡಿದ ಆವಿಯು ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಸುರಿಯದ ದಿನಗಳಲ್ಲಿ ಬಿಸಿಗಾಳಿಯು ನೆಲದ ತೇವವನ್ನು ಹೀರುತ್ತದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ವರದಾ ನದಿಯು ದಡ ಮೀರಿ ಹಾವೇರಿ ಜಿಲ್ಲೆಯ ಹೊಲಮನೆಗಳಿಗೆ ನುಗ್ಗಿತು. ನಾಲ್ಕೇ ವರ್ಷಗಳ ತರುವಾಯ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರ ಸಾರಬೇಕಾಯಿತು. ಒಂದೊಂದು ನೆರೆಗೂ ಒಂದೊಂದು ಬರಕ್ಕೂ ವಾಯುಗುಣದ ಬದಲಾವಣೆಯೊಂದೇ ಕಾರಣವೆಂದು ಹೇಳುವುದು ವಿಜ್ಞಾನದ ರೀತಿಯಲ್ಲ. ಆದರೆ ಇಂತಹ ಏರಿಳಿತಗಳು ಹೆಚ್ಚುವ ಕಾಲಕ್ಕೆ ನಾವು ಸಿದ್ಧರಾಗಿರಬೇಕೆಂಬುದರಲ್ಲಿ ಸಂದೇಹವಿಲ್ಲ.

ಈ ಹಿನ್ನೆಲೆಯಲ್ಲಿ ಸೂರ್ಯನ ಪಂಪಿನ ಗುಣಗಳನ್ನು ನೋಡಬೇಕು. ನಡುಹಗಲಿನಲ್ಲಿ ಒಂದು ಚದರ ಮೀಟರು ನೆಲದ ಮೇಲೆ ಸುಮಾರು ಒಂದು ಕಿಲೋವಾಟಿನಷ್ಟು ಬಿಸಿಲು ಬೀಳುತ್ತದೆ. ಸಿಲಿಕಾನಿನ ಸೌರಕೋಶಗಳು ಅದರಲ್ಲಿ ಐದನೆಯ ಒಂದು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ತಯಾರಾದ ಮೊದಲ ಸಿಲಿಕಾನ್ ಕೋಶವು ನೂರಕ್ಕೆ ಆರರಷ್ಟನ್ನು ಮಾತ್ರ ಮಾರ್ಪಡಿಸುತ್ತಿತ್ತು ಎಂಬುದನ್ನು ನೆನೆದರೆ ಈ ಪ್ರಗತಿ ಅಲ್ಪವಲ್ಲ. ಐದು ಅಶ್ವಶಕ್ತಿಯ ಪಂಪಿಗೆ ಸುಮಾರು ಐದು ಕಿಲೋವಾಟಿನ ಹಾಸು ಸಾಕು. ಒಂದು ಸಣ್ಣ ಮನೆಯ ಚಾವಣಿಯಷ್ಟು ಜಾಗ. ಎಲ್ಲಕ್ಕಿಂತ ಹೆಚ್ಚಾಗಿ, ಈ ವಿದ್ಯುತ್ತು ಹಗಲಿನಲ್ಲಿ ಬರುತ್ತದೆ. ರೈತನ ಪಂಪಿಗೆ ದಿನಕ್ಕೆ ಏಳು ಗಂಟೆ ವಿದ್ಯುತ್ತು ಎಂಬ ನಿಯಮದಲ್ಲಿ ರಾತ್ರಿಯ ಪಾಳಿ ಬಂದಾಗ, ಕೈಯಲ್ಲಿ ಬ್ಯಾಟರಿ ಹಿಡಿದು, ಹಾವುಹುಳುಗಳಿಗೆ ಅಂಜುತ್ತ, ಗೋವಿನಜೋಳದ ಹೊಲಕ್ಕೆ ನೀರು ತಿರುವಲು ಹೋದವರ ಮನೆಯ ಮಕ್ಕಳು ನಮ್ಮ ಓದುಗರಲ್ಲಿ ಅನೇಕರಿರಬಹುದು. ಹಗಲು ದುಡಿದು ರಾತ್ರಿ ನಿದ್ರಿಸುವ ಹಕ್ಕನ್ನು ರೈತನಿಗೆ ಮರಳಿ ಕೊಡುವ ಯಂತ್ರವು ಗೌರವಕ್ಕೆ ಪಾತ್ರವಾದುದೇ ಸರಿ. ೨೦೧೯ರಲ್ಲಿ ಪ್ರಾರಂಭವಾದ ಕೇಂದ್ರ ಸರಕಾರದ ಕುಸುಮ್ ಯೋಜನೆಯು ಇಂತಹ ಪಂಪುಗಳಿಗೆ ಸಹಾಯಧನವನ್ನು ಒದಗಿಸಿತು.

ಇಷ್ಟನ್ನು ಹೇಳಿದ ಮೇಲೆ, ವಿದ್ಯಾರ್ಥಿಮಿತ್ರರು ಒಂದು ಕಾಗದವನ್ನೂ ಸೀಸದ ಕಡ್ಡಿಯನ್ನೂ ಕೈಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇವೆ. ಒಂದು ಸಾವಿರ ಲೀಟರು ನೀರನ್ನು ನೂರು ಮೀಟರು ಆಳದಿಂದ ಮೇಲೆತ್ತಲು ಬೇಕಾದ ಶಕ್ತಿ ಎಷ್ಟು? ತೂಕ, ಗುರುತ್ವ, ಎತ್ತರ ಈ ಮೂರನ್ನು ಗುಣಿಸಿದರೆ ೯,೮೦,೦೦೦ ಜೂಲ್, ಎಂದರೆ ೦.೨೭ ಯೂನಿಟ್. ಪಂಪು, ಮೋಟಾರು, ಕೊಳವೆಗಳಲ್ಲಿ ನಷ್ಟವಾಗುವುದನ್ನು ಕಳೆದು ನೂರರಲ್ಲಿ ನಲವತ್ತು ಪಾಲು ಮಾತ್ರ ಉಪಯೋಗಕ್ಕೆ ಬರುತ್ತದೆಂದು ಇಟ್ಟುಕೊಂಡರೆ, ಬೇಕಾಗುವುದು ೦.೬೮ ಯೂನಿಟ್. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಬೇಕು. ಅದಕ್ಕೆ ೭೦ ಯೂನಿಟ್. ನಮ್ಮ ಐದು ಅಶ್ವಶಕ್ತಿಯ ಪಂಪಿನ ಮೂರು ದಿನದ ದುಡಿಮೆ! ಅದೇ ನೀರು ಹತ್ತು ಮೀಟರಿನ ಆಳದಲ್ಲಿ ಸಿಕ್ಕಿದ್ದರೆ? ಶಕ್ತಿಯು ಹತ್ತರಲ್ಲಿ ಒಂದು ಪಾಲು ಸಾಕು. ಆ ಆಳಕ್ಕೆ ತಕ್ಕ ಪಂಪಿನಿಂದ ಒಂದೇ ದಿನದಲ್ಲಿ ಮೂರು ಎಕರೆ ನೆನೆಯುತ್ತದೆ. ನೂರು ಮೀಟರಿನಲ್ಲಿ ಮೂರು ದಿನಕ್ಕೆ ಒಂದು ಎಕರೆ. ಹತ್ತು ಮೀಟರಿನಲ್ಲಿ ಒಂದು ದಿನಕ್ಕೆ ಮೂರು ಎಕರೆ. ಸೂರ್ಯನು ಅವನೇ, ಹಾಸಿನ ಅಳತೆಯೂ ಅಷ್ಟೇ; ಬೇರೆಯಾದುದು ನೀರಿನ ಮಟ್ಟ ಮಾತ್ರ. ಆದುದರಿಂದ ಅಂತರ್ಜಲವನ್ನು ಮೇಲಕ್ಕೆ ತರುವ ಪ್ರತಿಯೊಂದು ಕೆಲಸವೂ ಶಕ್ತಿಯನ್ನು ಉತ್ಪಾದಿಸಿದಂತೆಯೇ ಸರಿ. ಕೆರೆಯ ಹೂಳೆತ್ತುವುದೂ ಒಂದು ವಿದ್ಯುತ್ ಯೋಜನೆಯೇ.

ಇನ್ನು ನೀರಿನ ದಾಸ್ತಾನಿನ ಮಾತು. ಈ ಸೀಮೆಯ ನೆಲದಡಿಯಲ್ಲಿರುವುದು ಧಾರವಾಡದ ಹೆಸರನ್ನೇ ಹೊತ್ತಿರುವ ಅತಿ ಪ್ರಾಚೀನವಾದ ಗಟ್ಟಿ ಶಿಲಾಸ್ತರ. ಮರಳಿನ ಪದರಗಳಂತೆ ಅದು ನೀರನ್ನು ಧಾರಾಳವಾಗಿ ಹಿಡಿಯಲಾರದು. ಮೇಲಿನ ಶಿಥಿಲ ಪದರದಲ್ಲಿಯೂ ಕೆಳಗಿನ ಬಿರುಕುಗಳಲ್ಲಿಯೂ ಸೇರಿದಷ್ಟೇ ನೀರು. ಹಿಂದೆ ಏತ ಮತ್ತು ಕಪಿಲೆಗಳಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಈ ದಾಸ್ತಾನಿಗೆ ಸಹಜವಾದ ಕಾವಲೊಂದು ಇತ್ತು: ಎತ್ತು ದಣಿದರೆ ಬಾವಿಗೂ ವಿಶ್ರಾಂತಿ. ಎಣ್ಣೆಯ ಎಂಜಿನು ಬಂದಾಗ ಎಣ್ಣೆಯ ಬೆಲೆಯೇ ಕಾವಲಾಯಿತು. ಉಚಿತ ವಿದ್ಯುತ್ತು ಬಂದ ಮೇಲೆ ಉಳಿದ ಕಾವಲೆಂದರೆ ಏಳು ಗಂಟೆಯ ಕಟ್ಟಳೆ ಮತ್ತು ಪದೇ ಪದೇ ಕೈಕೊಡುವ ತಂತಿ. ಸೂರ್ಯನ ಪಂಪಿಗೆ ಎಣ್ಣೆಯ ಬೆಲೆಯೂ ಇಲ್ಲ, ತಂತಿಯ ಚಂಚಲತೆಯೂ ಇಲ್ಲ. ಬೇಸಗೆಯಲ್ಲಿ, ಅಂತರ್ಜಲವು ತೀರ ಕೆಳಗಿಳಿದಿರುವಾಗಲೇ, ಅದು ಪೂರ್ಣ ಬಲದಿಂದ ದುಡಿಯುತ್ತದೆ. ಸವಣೂರಿನ ವೀಳ್ಯದೆಲೆಯ ತೋಟಕ್ಕಾಗಲಿ, ಹಾನಗಲ್ಲು ಹಿರೇಕೆರೂರುಗಳಲ್ಲಿ ಹೊಸದಾಗಿ ಹಬ್ಬುತ್ತಿರುವ ಅಡಕೆಯ ತೋಟಕ್ಕಾಗಲಿ ಬೇಕಾಗುವುದು ಆ ಬೇಸಗೆಯ ನೀರೇ. ಒಬ್ಬನು ಆಳಕ್ಕೆ ಇಳಿದರೆ ನೆರೆಯವನ ಬಾವಿ ಒಣಗುತ್ತದೆ. ಅವನು ಇನ್ನೂ ಆಳಕ್ಕೆ ಇಳಿಯುತ್ತಾನೆ. ಹಣವುಳ್ಳವನು ಗೆಲ್ಲುತ್ತಾನೆ, ಕೊನೆಗೆ ಅವನೂ ಸೋಲುತ್ತಾನೆ. ಹೊಗೆಯಿಲ್ಲದ ಯಂತ್ರದಿಂದ ನಡೆದರೂ ಇದು ಅಭಿವೃದ್ಧಿಯಲ್ಲ.

ಹಾಗಾದರೆ ಸೂರ್ಯನ ಪಂಪನ್ನು ಬೇಡವೆನ್ನೋಣವೆ? ಎಂದಿಗೂ ಕೂಡದು. ಅದರ ಜೊತೆಗೆ ಮೂರು ಏರ್ಪಾಡುಗಳು ಬರಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು, ಎತ್ತದೆ ಉಳಿಸಿದ ನೀರಿಗೆ ಬೆಲೆ ಬರಬೇಕು. ಐದು ಕಿಲೋವಾಟಿನ ಹಾಸು ವರ್ಷಕ್ಕೆ ಸುಮಾರು ಏಳು ಸಾವಿರ ಯೂನಿಟ್ ಕೊಡಬಲ್ಲುದು. ನೀರೆತ್ತುವ ದಿನಗಳನ್ನು ಕಳೆದು ನಾಲ್ಕು ಸಾವಿರ ಯೂನಿಟ್ ಉಳಿಯಿತೆನ್ನೋಣ. ಅದನ್ನು ತಂತಿಯ ಮೂಲಕ ವಿದ್ಯುತ್ ಕಂಪನಿಯು ಕೊಂಡು, ಯೂನಿಟ್ಟಿಗೆ ಮೂರು ರೂಪಾಯಿ ಕೊಟ್ಟರೂ ರೈತನಿಗೆ ಹನ್ನೆರಡು ಸಾವಿರ ರೂಪಾಯಿ ಬರುತ್ತದೆ. ಆಗ ಪಂಪನ್ನು ನಿಲ್ಲಿಸುವುದೂ ಒಂದು ಬೆಳೆಯಾಗುತ್ತದೆ. ಇದು ಬರಿಯ ಕಲ್ಪನೆಯಲ್ಲ. ೨೦೧೪ರಲ್ಲಿ ಕರ್ನಾಟಕ ಸರಕಾರವು 'ಸೂರ್ಯ ರೈತ' ಎಂಬ ಯೋಜನೆಯನ್ನು ಸಾರಿ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಇದನ್ನು ಪ್ರಯೋಗಿಸಿತು. ಆದರೆ ಅದು ನಾಡಿನ ತುಂಬ ಹರಡಲಿಲ್ಲ. ೨೦೧೬ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ಆರು ಮಂದಿ ರೈತರು ಸೌರಶಕ್ತಿಯ ಸಹಕಾರಿ ಸಂಘವೊಂದನ್ನು ಕಟ್ಟಿ, ಹೆಚ್ಚಾದ ವಿದ್ಯುತ್ತನ್ನು ಮಾರತೊಡಗಿದರು. ಸಹಕಾರದ ಪಾಠವನ್ನು ನಾವು ಹೊರಗಿನಿಂದ ಕಲಿಯಬೇಕಾದುದಿಲ್ಲ. ೧೯೦೫ರಲ್ಲಿ ಭಾರತದ ಮೊದಲ ಕೃಷಿ ಸಹಕಾರ ಸಂಘವು ಸ್ಥಾಪಿತವಾದುದು ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ. ಅಂದು ಸಾಲಕ್ಕಾಗಿ ಕೂಡಿದವರ ನಾಡಿನಲ್ಲಿ ಇಂದು ಬಿಸಿಲಿಗಾಗಿ ಕೂಡುವುದು ಅಸಾಧ್ಯವೆ? ಆದರೆ ಮಾರಿದ ವಿದ್ಯುತ್ತಿನ ಹಣವು ತಡವಿಲ್ಲದೆ ರೈತನ ಕೈಸೇರಬೇಕು. ಆ ನಂಬಿಕೆ ಒಮ್ಮೆ ಮುರಿದರೆ ಯೋಜನೆಯು ಕಾಗದದಲ್ಲಿ ಮಾತ್ರ ಉಳಿಯುವುದು.

ಎರಡನೆಯದು, ಮಳೆಗಾಲದ ಶಕ್ತಿಯಿಂದ ಮಳೆಗಾಲದ ನೀರನ್ನು ಕೆರೆಗೆ ಸೇರಿಸಬೇಕು. ಪ್ರಕೃತಿಯು ಇಲ್ಲಿ ಒಂದು ಸುಂದರವಾದ ಹೊಂದಾಣಿಕೆಯನ್ನು ಮಾಡಿಟ್ಟಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದು ಬಿಸಿಲು ಕುಗ್ಗುತ್ತದೆ. ಆದರೆ ಆ ತಿಂಗಳುಗಳಲ್ಲಿಯೇ ಮುಂಗಾರಿನ ಗಾಳಿಯು ಬಲವಾಗಿ ಬೀಸಿ, ಗದಗದ ಕಪ್ಪತಗುಡ್ಡದ ಸಾಲಿನಲ್ಲಿ ನಿಂತಿರುವಂತಹ ಗಾಳಿಯಂತ್ರಗಳು ವರ್ಷದಲ್ಲಿಯೇ ಅತಿ ಹೆಚ್ಚು ವಿದ್ಯುತ್ತನ್ನು ಕೊಡುತ್ತವೆ. ಕರ್ನಾಟಕದ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ ಈಗ ಏಳು ಸಾವಿರ ಮೆಗಾವಾಟಿಗೂ ಹೆಚ್ಚು. ಅದೇ ತಿಂಗಳುಗಳಲ್ಲಿ ವರದೆಯೂ ತುಂಬಿ ಹರಿಯುತ್ತಾಳೆ. ವರದೆಯ ನೀರನ್ನೆತ್ತಿ ಹಾನಗಲ್ಲು ತಾಲ್ಲೂಕಿನ ಕೆರೆಗಳನ್ನು ತುಂಬಿಸಲು ಬಾಳಂಬೀಡ ಏತ ನೀರಾವರಿಯಂತಹ ಯೋಜನೆಗಳು ಹುಟ್ಟಿವೆ. ನಲವತ್ತು ಮೀಟರು ಎತ್ತರಕ್ಕೆ, ನೂರಕ್ಕೆ ಎಪ್ಪತ್ತು ಪಾಲು ದಕ್ಷತೆಯ ದೊಡ್ಡ ಪಂಪುಗಳಿಂದ ಎತ್ತಿದರೆ ಸಾವಿರ ಲೀಟರಿಗೆ ತಗಲುವುದು ೦.೧೬ ಯೂನಿಟ್, ನಾವು ಮೇಲೆ ಕಂಡ ಕೊಳವೆ ಬಾವಿಯ ಲೆಕ್ಕದಲ್ಲಿ ಕಾಲು ಪಾಲಿಗೂ ಕಡಿಮೆ. ಗಾಳಿ ಹೆಚ್ಚಿದ ಗಂಟೆಗಳಲ್ಲಿ ಈ ಪಂಪುಗಳು ನಡೆದರೆ, ಗಾಳಿಯ ಶಕ್ತಿಯು ನೀರಾಗಿ ಕೆರೆಯಲ್ಲಿ ಕೂಡಿಡಲ್ಪಡುತ್ತದೆ. ಕೆರೆಯ ನೀರು ಇಂಗಿ ಏರಿಯ ಕೆಳಗಿನ ಬಾವಿಗಳ ಮಟ್ಟವನ್ನು ಎತ್ತುತ್ತದೆ. ಬೇಸಗೆಯ ಬಿಸಿಲು ಅದನ್ನು ಮೇಲುಮಟ್ಟದಿಂದಲೇ ಎತ್ತಿಕೊಡುತ್ತದೆ. ಗಾಳಿ, ಕೆರೆ, ಬಿಸಿಲು ಈ ಮೂರೂ ಒಂದರ ಕೈಯನ್ನೊಂದು ಹಿಡಿಯುತ್ತವೆ. ಹೀಗೆ ಎತ್ತುವಾಗ ನದಿಯ ಕೆಳಭಾಗದವರ ಪಾಲನ್ನು ಮರೆಯಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ಮೂರನೆಯದು, ಹಾಸುಗಳು ನಿಲ್ಲುವ ಸ್ಥಳ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು, ೨೦೧೯ರ ಹೊತ್ತಿಗೆ ೨೦೫೦ ಮೆಗಾವಾಟಿನ ಸೌರ ಉದ್ಯಾನವನ್ನು ಪೂರ್ಣಗೊಳಿಸಲಾಯಿತು. ಮಳೆ ಅಪರೂಪವಾದ ಆ ಸೀಮೆಗೆ ಅದು ಒಪ್ಪಬಹುದು. ಬತ್ತ, ಹತ್ತಿ, ಗೋವಿನಜೋಳಗಳನ್ನು ಕೊಡುವ ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಗಾಜಿನಿಂದ ಮುಚ್ಚುವುದು ಯುಕ್ತವಲ್ಲ. ಗುತ್ತಿಗೆಯ ಹಣ ಭೂಮಿಯುಳ್ಳವನಿಗೆ ಬರುತ್ತದೆ. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನು ಬರುತ್ತದೆ? ಇಲ್ಲಿ ಹಾಸುಗಳು ಹೊಲದ ಬದುಗಳಲ್ಲಿ, ಶಾಲೆಯ ಚಾವಣಿಯ ಮೇಲೆ, ಮಾರುಕಟ್ಟೆಯ ಕಟ್ಟಡಗಳ ಮೇಲೆ ಚದುರಿ ನಿಲ್ಲಲಿ. ಇಪ್ಪತ್ತೈದು ವರ್ಷಗಳ ತರುವಾಯ ಆಯುಷ್ಯ ತೀರಿದ ಗಾಜು, ಸಿಲಿಕಾನುಗಳನ್ನು ಹಿಂದಕ್ಕೆ ಪಡೆಯುವ ಹೊಣೆಯೂ ಇಂದೇ ನಿಶ್ಚಯವಾಗಲಿ.

ಇಲ್ಲಿ ಒಂದು ಆಕ್ಷೇಪವು ಏಳಬಹುದು, ಏಳತಕ್ಕದ್ದೂ ಹೌದು. ಲೋಕದ ಗಾಳಿಯನ್ನು ಕೆಡಿಸಿದವರು ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟ ಸಿರಿವಂತ ದೇಶಗಳವರು. ಇಂದಿಗೂ ಅಮೆರಿಕದವನೊಬ್ಬನ ಪಾಲು ನಮ್ಮವನ ಪಾಲಿಗಿಂತ ಅನೇಕ ಪಟ್ಟು ಹೆಚ್ಚು. ಹೀಗಿರುವಾಗ ಶಿಗ್ಗಾವಿಯ ಎರಡೆಕರೆಯ ರೈತನಿಗೆ ಮಿತವ್ಯಯವನ್ನು ಬೋಧಿಸುವುದು ನ್ಯಾಯವೆ? ಇಂಗಾಲದ ವಿಷಯದಲ್ಲಿ ಈ ಆಕ್ಷೇಪ ಪೂರ್ಣವಾಗಿ ಸತ್ಯ. ಆ ಹೊರೆಯನ್ನು ಅವನ ಹೆಗಲಿಗೆ ಹೊರಿಸುವುದು ಅನ್ಯಾಯವೇ. ಆದರೆ ನಾವು ಅವನಿಗೆ ಹೇಳುತ್ತಿರುವುದು ಲೋಕದ ಗಾಳಿಯ ಮಾತನ್ನಲ್ಲ, ಅವನ ಬಾವಿಯ ಮಾತನ್ನು. ಗಾಳಿ ಎಲ್ಲರದು, ಬಾವಿ ಅವನ ಮಕ್ಕಳದು. ಬಾವಿಯನ್ನು ಉಳಿಸುವ ದಾರಿಯೇ ಗಾಳಿಯನ್ನೂ ಉಳಿಸುವ ದಾರಿಯಾಗಿರುವುದು ಒಂದು ಸುಯೋಗ.

ಕೊನೆಯದಾಗಿ, ವಿದ್ಯಾರ್ಥಿಗಳಿಗೆ ಒಂದು ಮಾತು. ವಿಜ್ಞಾನವು ಪ್ರಯೋಗಶಾಲೆಯಲ್ಲಿ ಮಾತ್ರ ಇರುವುದೆಂಬ ಭ್ರಮೆಯನ್ನು ಬಿಡಿರಿ. ಒಂದು ಹಗ್ಗ, ಅದರ ತುದಿಗೆ ಒಂದು ಕಲ್ಲು, ಒಂದು ನೋಟುಪುಸ್ತಕ ಇಷ್ಟು ಸಾಕು. ನಿಮ್ಮ ಊರಿನ ತೆರೆದ ಬಾವಿಯೊಂದನ್ನು ಆರಿಸಿಕೊಂಡು, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ನೀರು ಎಷ್ಟು ಕೆಳಗಿದೆಯೆಂಬುದನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿರಿ. ಕೆರೆಯ ನೀರು ಏರಿಯ ಯಾವ ಕಲ್ಲನ್ನು ಮುಟ್ಟಿದೆ, ಕೋಡಿ ಎಂದು ಬಿದ್ದಿತು, ತೂಬು ಎಂದು ನಿಂತಿತು ಎಂಬುದನ್ನೂ ಗುರುತು ಹಾಕಿಕೊಳ್ಳಿರಿ. ಮಳೆಯ ಮುಂಚಿನ ಮೇ ತಿಂಗಳ ಅಂಕಿಯನ್ನೂ ಮಳೆಯ ಅನಂತರದ ನವೆಂಬರಿನ ಅಂಕಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಐದು ವರ್ಷ ಹೀಗೆ ಮಾಡಿದ ಶಾಲೆಯ ಹುಡುಗರು ತಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತನಾಡಿದರೆ, ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಹೊಸ ಪಂಪು ಎಲ್ಲಿ ಬರಬೇಕು, ಯಾವ ಕೆರೆಯ ಹೂಳು ಮೊದಲು ಎದ್ದುಹೋಗಬೇಕು ಎಂಬುದನ್ನು ಆಗ ಊಹೆಯಿಂದಲ್ಲ, ಅಂಕಿಗಳಿಂದ ನಿರ್ಣಯಿಸಬಹುದು.

ಸವಣೂರಿನ ದೊಡ್ಡಹುಣಸೆಯ ಮರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಆಫ್ರಿಕದ ಒಣನೆಲದಿಂದ ಬಂದ ಆ ಜಾತಿಯ ಮರವು ಮಳೆಗಾಲದ ನೀರನ್ನು ತನ್ನ ದಪ್ಪ ಕಾಂಡದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬಿಸಿಲನ್ನು ಎಲೆಯಿಂದ ಹೀರುವುದೂ ನೀರನ್ನು ಕಾಂಡದಲ್ಲಿ ಉಳಿಸುವುದೂ ಅದಕ್ಕೆ ಎರಡು ಬೇರೆ ಬೇರೆ ಯೋಜನೆಗಳಲ್ಲ. ಬಿಸಿಲನ್ನು ಹಿಡಿಯುವ ಹಾಸು ನಮಗೆ ಈಗ ದೊರೆತಿದೆ. ನೀರನ್ನು ಹಿಡಿಯುವ ಕೆರೆಯನ್ನು ನಮ್ಮ ಹಿರಿಯರು ಆಗಲೇ ಕೊಟ್ಟುಹೋಗಿದ್ದಾರೆ. ಇವೆರಡನ್ನೂ ಕೂಡಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.